ಸರೋವರದ ಊರಿನಲ್ಲಿ ತಮ್ಮಯ್ಯನವರ ಕಾವಲು

ಬೆಳಿಗ್ಗೆ ಆರೂವರೆಗೆ ತಮ್ಮಯ್ಯ ಅಂಗಿಗಳ ಜೇಬು ತಡಕುತ್ತಿದ್ದರು. ಹಿಂದಿನ ದಿನದ ಶೂಟಿಂಗಿನಿಂದ ಮೂವತ್ತೆಂಟು ಅಂಗಿಗಳು ಒಂದೇ ಗಂಟಿನಲ್ಲಿ ವಾಪಸ್ಸು ಬಂದಿದ್ದವು. ಒಂದೊಂದನ್ನೇ ಎತ್ತಿ, ಜೇಬು ಹೊರಕ್ಕೆ ತಿರುವಿ, ಕಾಲರಿನ ಒಳಗೆ ಬೆರಳಾಡಿಸಿ, ಆಮೇಲೆ ಒಗೆಯುವ ರಾಶಿಗೆ ಎಸೆಯುತ್ತಿದ್ದರು. ಅದುವರೆಗೆ ಸಿಕ್ಕಿದ್ದು ಎರಡು ಬಸ್ ಟಿಕೆಟು, ಒಂದು ಸುಣ್ಣದ ಡಬ್ಬಿ, ಯಾರದೋ ಹೆಂಡತಿಯ ಫೋಟೊ. ಫೋಟೊವನ್ನು ಗೋಡೆಯ ಮೊಳೆಗೆ ಸಿಕ್ಕಿಸಿದರು. ಅದರ ವಾರಸುದಾರ ಸಂಜೆಯೊಳಗೆ ಮುಖ ಕೆಂಪಗೆ ಮಾಡಿಕೊಂಡು ಬಂದೇ ಬರುತ್ತಾನೆ ಎಂಬುದು ಅವರ ಅನುಭವ.

1999ರ ಏಪ್ರಿಲ್ ಹನ್ನೆರಡು, ಸೋಮವಾರ. ಮದರಾಸಿನ ವಡಪಳನಿಯ ಓಣಿಯೊಂದರ ಆ ಮನೆಯಲ್ಲಿ ಮುಂದಿನ ಕೋಣೆ ಬಟ್ಟೆಗಳಿಗೆ, ಹಿಂದಿನದು ಸಂಸಾರಕ್ಕೆ. ತಮ್ಮಯ್ಯನಿಗೆ ಆಗ ನಲವತ್ತಾರು. ಅವರ ತಂದೆ ಕೊಳ್ಳೇಗಾಲದಿಂದ ಬಂದು, ಕನ್ನಡ ಚಿತ್ರಗಳೂ ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಸ್ಟುಡಿಯೋಗಳಲ್ಲಿ ಇಸ್ತ್ರಿ ಮಾಡಿದವರು. ಆ ಚಿತ್ರಗಳು ಬೆಂಗಳೂರಿಗೆ ಹೋದವು, ಇಸ್ತ್ರಿ ಪೆಟ್ಟಿಗೆ ಇಲ್ಲೇ ಉಳಿಯಿತು. ಮಗ ಅದನ್ನೇ ಹಿಡಿದು ತಮಿಳು, ತೆಲುಗು ಚಿತ್ರಗಳಿಗೆ ಕಾಸ್ಟ್ಯೂಮರ್ ಆದರು. ಯಾವ ಪಾತ್ರಧಾರಿ ಯಾವ ದೃಶ್ಯದಲ್ಲಿ ಏನು ತೊಟ್ಟಿದ್ದ, ಎಷ್ಟು ಗುಂಡಿ ಹಾಕಿದ್ದ, ತೋಳು ಎಷ್ಟು ಮಡಚಿದ್ದ ಎಂಬುದನ್ನು ಕಂಟಿನ್ಯುಟಿ ಪುಸ್ತಕದಲ್ಲಿ ಬರೆದಿಡುವುದು ಈ ಕೆಲಸದ ಮುಖ್ಯ ಭಾಗ. ಹಾಗೆ ಬರೆದೂ ಬರೆದೂ ಅವರಿಗೆ ಮನುಷ್ಯರನ್ನು ಗುಂಡಿಯಿಂದ ಗುಂಡಿಗೆ ನೋಡುವ ಚಾಳಿ ಹತ್ತಿತ್ತು. ನೋಡಿದವರಲ್ಲಿ ಹೆಚ್ಚಿನವರನ್ನು ಅವರು ನಂಬುತ್ತಿರಲಿಲ್ಲ.

ಆ ಬೆಳಿಗ್ಗೆ ಬಂದವರು ಪ್ರೊಡಕ್ಷನ್ ಮ್ಯಾನೇಜರ್ ಕೃಷ್ಣರಾಜ. ಮೈಸೂರಿನ ಕಡೆಯವರು, ತಮ್ಮಯ್ಯನಿಗಿಂತ ಎಂಟು ವರ್ಷ ಚಿಕ್ಕವರು.

“ತಮ್ಮಯ್ಯಣ್ಣ, ಇಟಲಿಗೆ ಬರ್ತೀರಾ? ಒಂದು ಹಾಡು. ಬೆಟ್ಟದ ನಡುವೆ ಸರೋವರ, ದಡದಲ್ಲಿ ಹಳೇ ಊರು.”

“ಕೊಡೈಕೆನಾಲ್ ಅಂತ ಹೇಳಿ ಏರ್ಕಾಡಿಗೆ ಕರ್ಕೊಂಡು ಹೋದೋರಲ್ವೇ ನೀವು?” ತಮ್ಮಯ್ಯ ಜೇಬು ತಿರುವುವುದನ್ನು ನಿಲ್ಲಿಸಲಿಲ್ಲ.

“ಈ ಸಲ ವಿಮಾನ ಅಣ್ಣ. ವಿಮಾನ ಏರ್ಕಾಡಲ್ಲಿ ಇಳಿಯಲ್ಲ.”

ವಿಷಯ ಆಮೇಲೆ ಹೊರಬಿತ್ತು. ತಮ್ಮಯ್ಯನಿಗೆ ಸಹಾಯಕನಾಗಿ ಅನಿಲ್ ಎಂಬುವನು ಬರುತ್ತಾನೆ. ಅವನಿಗೆ ಕಾಸ್ಟ್ಯೂಮರ್‌ಗಳ ಸಂಘದಿಂದ ಪತ್ರ ಬೇಕು, ಪತ್ರಕ್ಕೆ ಒಬ್ಬ ಸದಸ್ಯನ ಜಾಮೀನು ಬೇಕು. ಹಿಂದಿನ ವರ್ಷ ಎರಡು ಯೂನಿಟ್ಟುಗಳಿಂದ ಮೂವರು ಯುರೋಪಿನಲ್ಲೇ ಕಾಣೆಯಾಗಿದ್ದರು. ಆಮೇಲೆ ಸಂಘ ಹೊಸ ನಿಯಮ ಮಾಡಿತ್ತು: ಸಹಾಯಕ ವಾಪಸ್ಸು ಬರದಿದ್ದರೆ ಜಾಮೀನು ನಿಂತವನ ಸದಸ್ಯತ್ವದ ಕಾರ್ಡ್ ರದ್ದು. ಕಾರ್ಡ್ ಇಲ್ಲದವನು ಮದರಾಸಿನ ಯಾವ ಸೆಟ್ಟಿನಲ್ಲೂ ಒಂದು ಕರ್ಚೀಫಿಗೂ ಇಸ್ತ್ರಿ ಮಾಡುವಂತಿಲ್ಲ. ತಮ್ಮಯ್ಯನ ಕಾರ್ಡಿಗೆ ಇಪ್ಪತ್ತಮೂರು ವರ್ಷವಾಗಿತ್ತು. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

“ಅನಿಲ್ ಯಾರು?”

“ನಮ್ಮ ಮನೆಯೋಳ ತಮ್ಮ. ಪಾಪದೋನು. ಒಂದು ಸಲ ಫಾರಿನ್ ನೋಡಬೇಕಂತೆ.”

ಹಿಂದಿನ ಕೋಣೆಯಿಂದ ತಮ್ಮಯ್ಯನ ಹೆಂಡತಿ ಸುಮತಿ, ಬಾಗಿಲಿಗೆ ಬಾರದೆಯೇ ಹೇಳಿದರು: “ಪಾಪದೋನಾದ್ರೆ ಬಾವನೇ ಸೈನ್ ಹಾಕ್ಲಿ. ಊರೋರ ಕೈಲಿ ಯಾಕೆ ಹಾಕಿಸ್ತಾರೆ, ಕೇಳಿ.”

ಮ್ಯಾನೇಜರ್ ಕಾಸ್ಟ್ಯೂಮರ್‌ಗಳ ಸಂಘದ ಸದಸ್ಯರಲ್ಲ ಎಂದು ಕೃಷ್ಣರಾಜ ಬಾಗಿಲಿನ ಪರದೆಗೆ ವಿವರಿಸಿದರು. ತಮ್ಮಯ್ಯ ಯೋಚಿಸಲು ಎರಡು ದಿನ ಸಮಯ ಕೇಳಿದರು. ಮೂರನೆಯ ದಿನ ಕೃಷ್ಣರಾಜ, ಸಹಾಯಕನ ಬಗ್ಗೆ ತಕರಾರು ಮಾಡದ ಇನ್ನೊಬ್ಬ ಕಾಸ್ಟ್ಯೂಮರನ ಹೆಸರು ಹೇಳಿದರು. ಒಮ್ಮೆ ಹೊರದೇಶಕ್ಕೆ ಹೋಗಿ ಬಂದವನನ್ನೇ ದೊಡ್ಡ ಕಂಪನಿಗಳು ಮುಂದಿನ ಸಲವೂ ಕರೆಯುತ್ತಿದ್ದ ಕಾಲ ಅದು. ತಮ್ಮಯ್ಯ ಸಹಿ ಹಾಕಿದರು.

ಸಹಿ ಹಾಕಿದ ಮಾರನೆಯ ದಿನ ಅನಿಲ್ ಮನೆಗೆ ಬಂದ. ಇಪ್ಪತ್ತೊಂಬತ್ತರ ವಯಸ್ಸು, ಒತ್ತಾಗಿ ಬಾಚಿದ ತಲೆ, ಹೊಚ್ಚ ಹೊಸ ಶೂ. ತಂದೆ ಪೆರಂಬೂರಿನಲ್ಲಿ ರೈಲ್ವೆಯಿಂದ ನಿವೃತ್ತರಾದವರು. ಮನೆಮಾತು ಕನ್ನಡವಾದರೂ ಅವನ ಬಾಯಿಗೆ ಮೊದಲು ಬರುತ್ತಿದ್ದುದು ತಮಿಳು. ತಮ್ಮಯ್ಯ ಏನನ್ನೂ ಕೇಳದೆ ಒಂದು ಅಂಗಿ ಕೊಟ್ಟು, “ಮಡಚು” ಎಂದರು.

ಅನಿಲ್ ಅಂಗಿಯನ್ನು ಮೇಜಿನ ಮೇಲೆ ಬೋರಲು ಹಾಕಿ, ಎರಡು ತೋಳನ್ನೂ ಹಿಂದಕ್ಕೆ ಎಳೆದು, ಕಾಲರಿನ ಕೆಳಗೆ ಚೌಕವಾಗಿ ಮಡಚಿ, ಅಂಗೈಯಿಂದ ಒಮ್ಮೆ ತಟ್ಟಿದ. ಒಂಬತ್ತು ಸೆಕೆಂಡು. ತುಂಬ ಅಂದವಾಗಿತ್ತು. ಕಾಸ್ಟ್ಯೂಮಿನ ಕೆಲಸದವರು ಯಾರೂ ಹಾಗೆ ಮಡಚುವುದಿಲ್ಲ. ಎದೆಯ ಮೇಲೆ ಅಡ್ಡಗೆರೆ ಬಿದ್ದರೆ ಕ್ಯಾಮೆರಾದಲ್ಲಿ ಕಾಣುತ್ತದೆ. ಅವರು ಅಂಗಿಯನ್ನು ತೂಗುಹಾಕುತ್ತಾರೆ, ಇಲ್ಲವೇ ಸುತ್ತುತ್ತಾರೆ.

“ಯಾವ ಅಂಗಡಿ?” ತಮ್ಮಯ್ಯ ಕೇಳಿದರು.

ಅನಿಲ್ ನಕ್ಕ. “ಪುರಸೈವಾಕ್ಕಂನಲ್ಲಿ ಬಟ್ಟೆ ಅಂಗಡಿ, ಅಣ್ಣೇ. ಜೆಂಟ್ಸ್ ಸೆಕ್ಷನ್. ಹೆಂಗೆ ಗೊತ್ತಾಯ್ತು?”

ತಮ್ಮಯ್ಯ ಅಂಗಿಯನ್ನು ಬಿಡಿಸಿ ಹ್ಯಾಂಗರಿಗೆ ಹಾಕಿದರು. ಅಂಗಡಿಯವನು ಸಹಾಯಕನೆಂದು ಕಾಗದದಲ್ಲಿ ಬರೆಸಿಕೊಂಡು ಹೊರಟಿದ್ದಾನೆ, ಹೊಸ ಶೂ ಕೊಂಡಿದ್ದಾನೆ, ಬಾವನೇ ಮ್ಯಾನೇಜರ್. ಅವರ ಲೆಕ್ಕದಲ್ಲಿ ಓಡಿಹೋಗುವವನಿಗೆ ಇರಬೇಕಾದದ್ದೆಲ್ಲ ಅವನಿಗಿತ್ತು.

ಮೇ ಐದರಂದು ಇಪ್ಪತ್ತಾರು ಜನರ ಯೂನಿಟ್ ಹೊರಟಿತು. ಅದರಲ್ಲಿ ತಮ್ಮಯ್ಯ ಸಂಶಯವಿಲ್ಲದೆ ಮಾತಾಡುತ್ತಿದ್ದ ಒಬ್ಬರೇ ಒಬ್ಬರಿದ್ದರು: ಲೈಟ್‌ಮ್ಯಾನ್ ಅಪ್ಪಾಜಿ. ಮಂಡ್ಯದ ಕಡೆಯವರು, ಐವತ್ತೊಂದು ವರ್ಷ, ಹೆಂಡತಿ ತೀರಿಕೊಂಡ ಮೇಲೆ ವಡಪಳನಿಯಲ್ಲೇ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಇಪ್ಪತ್ತೆರಡು ವರ್ಷದಿಂದ ಇಬ್ಬರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದರು. ಮೊಣಕಾಲು ನೋವಿನಿಂದ ಅಪ್ಪಾಜಿ ಮೆಟ್ಟಿಲನ್ನು ಒಂದೊಂದಾಗಿಯೇ ಇಳಿಯುತ್ತಿದ್ದರು.

ಊರಿನ ಹೆಸರು ತಮ್ಮಯ್ಯನ ಪುಸ್ತಕದಲ್ಲಿ ಇಲ್ಲ. ಅಲ್ಲಿರುವುದು ‘ಲೇಕ್, ಹಳೇ ಊರು’ ಎಂದು ಮಾತ್ರ. ಆದರೆ ಊರಿನ ನಕ್ಷೆಯನ್ನು ಅವರು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು. ನೀರಿನಂಚಿಗೆ ಕಮಾನುಗಳ ಸಾಲು, ಅದರ ಕೆಳಗೆ ಅಂಗಡಿಗಳು. ಅಲ್ಲಿಂದ ಬೆಟ್ಟಕ್ಕೆ ಹತ್ತುವ ಕಲ್ಲಿನ ಮೆಟ್ಟಿಲ ಓಣಿಗಳು, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದು. ಮೇಲೆ ಎಂಟುನೂರು ವರ್ಷದ ಇಗರ್ಜಿ. ಆಚೆ ದಡದಲ್ಲಿ ನೆತ್ತಿಗೆ ಹಿಮವಿದ್ದ ಬೆಟ್ಟಗಳು. ಕ್ಯಾಮೆರಾಮನ್ ಮೊದಲ ಬೆಳಿಗ್ಗೆ ಈ ನೋಟಕ್ಕೆ ಕೈಮುಗಿದದ್ದನ್ನು ಯೂನಿಟ್ಟಿನವರು ನೋಡಿದ್ದರು. ತಮ್ಮಯ್ಯ ನೋಡಿದ್ದು ಊರಿನಿಂದ ಹೊರಹೋಗುವ ದಾರಿಗಳನ್ನು. ನಾಲ್ಕಿದ್ದವು: ಒಂದು ರಸ್ತೆ, ಒಂದು ದೋಣಿ ಕಟ್ಟೆ, ಇಗರ್ಜಿಯ ಹಿಂದಿನ ಕಾಲುದಾರಿ, ಮಿಲಾನಿಗೆ ಹೋಗುವ ರೈಲಿನ ಪುಟ್ಟ ಸ್ಟೇಷನ್ನು. ಸ್ಟೇಷನ್ನಿಗೆ ಹೋಟೆಲಿನಿಂದ ಮುನ್ನೂರ ಹತ್ತು ಹೆಜ್ಜೆ.

ಊರೂ ಅವರಿಗೆ ಹಿಡಿಸಲಿಲ್ಲ. ಹಗಲಲ್ಲೂ ಕಿಟಕಿಗಳ ಹಸಿರು ಪಟ್ಟಿಬಾಗಿಲು ಮುಚ್ಚಿರುತ್ತಿತ್ತು. ಒಳಗಿನಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಇಷ್ಟು ದೊಡ್ಡ ನೀರು ಸದ್ದೇ ಮಾಡುತ್ತಿರಲಿಲ್ಲ, ಮದರಾಸಿನ ರಾಯಪುರಂನ ಕಡಲು ನೋಡಿ ಬೆಳೆದವರಿಗೆ ಅದೂ ಸಹಜವಾಗಿ ಕಾಣಲಿಲ್ಲ. “ಬಟ್ಟೆ ಮಾತ್ರ ಬೀದಿ ಮೇಲೆ ಒಣಗಾಕ್ತಾರೆ, ಜನ ಕಾಣಲ್ಲ” ಎಂದು ಅಪ್ಪಾಜಿಗೆ ಹೇಳಿದರು.

“ನಿನ್ನ ಮುಖ ನೋಡಿ ಬಾಗಿಲು ಹಾಕ್ಕೊಂಡವ್ರೆ ಕಣಯ್ಯ” ಎಂದರು ಅಪ್ಪಾಜಿ. “ಸ್ವಲ್ಪ ನಗು. ತೆಗೀತಾರೆ.”

ಎಲ್ಲರ ಪಾಸ್‌ಪೋರ್ಟುಗಳೂ ಕೃಷ್ಣರಾಜರ ಬ್ರೀಫ್‌ಕೇಸಿನಲ್ಲಿದ್ದವು. ತಮ್ಮಯ್ಯನಿಗೆ ಅಷ್ಟು ಸಾಲದು. ದಿನದ ಶೂಟಿಂಗ್ ಮುಗಿದು ಪ್ಯಾಕಪ್ ಆದ ಕೂಡಲೇ ಅನಿಲ್‌ನ ಶೂ ಕಳಚಿಸಿ, ನಾಯಕನ ಶೂಗಳ ಜೊತೆ ಪೆಟ್ಟಿಗೆಗೆ ಹಾಕಿ ಬೀಗ ಹಾಕುತ್ತಿದ್ದರು. ಹೋಟೆಲಿನಲ್ಲಿ ಅವನಿಗೆ ರಬ್ಬರ್ ಚಪ್ಪಲಿ. ಒಂದು ಸಂಜೆ ಕ್ಯಾಮೆರಾ ಹಿಡಿದು ನೀರಿನ ಕಡೆ ಹೊರಟವನನ್ನು ಕರೆದು ಗುಂಡಿ ಹೊಲಿಯಲು ಕೂರಿಸಿದರು.

“ಏನಣ್ಣೇ, ಇದು ಜೈಲಾ?” ಅನಿಲ್ ಕೇಳಿದ. “ಮೂವತ್ತಾರು ಫೋಟೊದ ರೀಲು. ಐದು ದಿನ ಆಯ್ತು, ನಾಲ್ಕು ತೆಗ್ದಿದೀನಿ. ನಾಲ್ಕರಲ್ಲೂ ನೀವೇ ಇದೀರ.”

“ನಾಲ್ಕು ಸಾಕು. ಸೂಜಿಗೆ ದಾರ ಹಾಕು.”

ಮೇ ಹತ್ತರ ಸಂಜೆ, ಒಗೆಯಲು ಬಂದ ಅನಿಲ್‌ನ ಪ್ಯಾಂಟಿನ ಜೇಬನ್ನು ತಮ್ಮಯ್ಯ ತಿರುವಿದರು. ನಾಲ್ಕಾಗಿ ಮಡಚಿದ ಒಂದು ಕಾಗದ ಸಿಕ್ಕಿತು. ರೈಲಿನ ವೇಳಾಪಟ್ಟಿ. ಅದರಲ್ಲಿ 19.12ರ ಸುತ್ತ ನೀಲಿ ಶಾಯಿಯ ವೃತ್ತ. ಸಂಜೆ ಏಳು ಹನ್ನೆರಡು, ಮಿಲಾನಿಗೆ. ತಮ್ಮಯ್ಯನಿಗೆ ಇಷ್ಟು ದಿನದ ಅನುಮಾನವನ್ನು ಕೈಯಲ್ಲಿ ಹಿಡಿದಂತಾಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಬಾವ ಬಾಮೈದುನ ಒಂದಾಗಿ ಇನ್ನೊಂದು ದಾರಿ ಹುಡುಕುತ್ತಾರೆ ಅನ್ನಿಸಿತು. ಕಾಗದವನ್ನು ಕಂಟಿನ್ಯುಟಿ ಪುಸ್ತಕದೊಳಗೆ ಇಟ್ಟುಕೊಂಡರು.

ಮಾರನೆಯ ದಿನ, ಮಂಗಳವಾರ, ಸಂಜೆ ಆರಕ್ಕೇ ಅನಿಲ್‌ನ ಮುಂದೆ ಗುಂಪು ನೃತ್ಯದವರ ಅಂಗಿಗಳನ್ನು ರಾಶಿ ಹಾಕಿ ಇಸ್ತ್ರಿಗೆ ನಿಲ್ಲಿಸಿದರು. ತಾವು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಲನ್ನು ಅಡ್ಡ ಚಾಚಿದರು. ಹೊರಗೆ ಇನ್ನೂ ಬಿಸಿಲಿತ್ತು, ನೀರಿನ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು.

ಆರು ನಲವತ್ತಕ್ಕೆ ಅಪ್ಪಾಜಿ ಬಂದರು. ಮೈಮೇಲೆ ತೆಳು ಬನಿಯನ್ನಿನಂಥ ಅಂಗಿ.

“ತಮ್ಮಯ್ಯ, ಗಾಳಿ ಕುಯ್ತಾ ಅದೆ. ಒಂದು ಕೋಟು ಕೊಡಯ್ಯ. ಮೇಲೆ ಇಗರ್ಜಿ ತನಕ ಹೋಗಿ ಬತ್ತೀನಿ. ಇಲ್ಲಿಗಂಟ ಬಂದು ದೇವ್ರಿಗೆ ಮುಖ ತೋರಿಸ್ದೆ ಹೋಗೋದಾ?”

“ಆ ಮಂಡೀಲಿ ಇನ್ನೂರು ಮೆಟ್ಟಿಲು ಹತ್ತೀಯಾ?”

“ಹತ್ತೋದು ನನ್ ಮಂಡಿ. ಕೊಡೋದು ನಿನ್ ಕೋಟು.”

ಕಾಸ್ಟ್ಯೂಮನ್ನು ಹೊರಗಿನ ಉಪಯೋಗಕ್ಕೆ ಕೊಡಬಾರದು ಎಂಬುದು ಸಂಘದ ಹಳೆಯ ನಿಯಮ. ತಮ್ಮಯ್ಯ ಇಪ್ಪತ್ತಮೂರು ವರ್ಷದಲ್ಲಿ ಅದನ್ನು ಮುರಿದಿರಲಿಲ್ಲ. ಅಂದು ಬಾಗಿಲಿನಿಂದ ಏಳುವುದೇ ಅವರಿಗೆ ಬೇಡವಾಗಿತ್ತು. ಕೈಗೆಟುಕುವಂತೆ ಪಕ್ಕದ ಹ್ಯಾಂಗರಿನಲ್ಲಿ ನಾಯಕನ ಬೂದು ಉಣ್ಣೆ ಕೋಟು ಇತ್ತು. ತೆಗೆದು ಕೊಟ್ಟರು. ಪುಸ್ತಕದಲ್ಲಿ ಬರೆದರು: ‘ಬೂದು ಕೋಟು, ಅಪ್ಪಾಜಿಗೆ, 6.40, ಚಳಿ.’ ಅಪ್ಪಾಜಿ ಗುಂಡಿ ಹಾಕಿಕೊಂಡು ಮೆಟ್ಟಿಲನ್ನು ಒಂದೊಂದಾಗಿ ಇಳಿದು ಹೋದರು. ಒಳ್ಳೆಯ ಕೋಟಿನಲ್ಲಿ ಅವರು ಆ ಊರಿನ ಯಾವುದೋ ಮನೆಯ ಹಿರಿಯನ ಹಾಗೆ ಕಾಣುತ್ತಿದ್ದರು.

ಏಳು ಹನ್ನೆರಡಕ್ಕೆ ರೈಲು ಬಂದ ಸದ್ದು ಕೇಳಿತು. ನಿಂತಿತು, ಹೊರಟಿತು. ಅನಿಲ್ ಹತ್ತೊಂಬತ್ತನೆಯ ಅಂಗಿಯ ಕಾಲರ್ ಒತ್ತುತ್ತಿದ್ದ.

“ಹೋಯ್ತು ನೋಡು ನಿನ್ನ ರೈಲು” ಎಂದರು ತಮ್ಮಯ್ಯ. ಮದರಾಸು ಬಿಟ್ಟ ಮೇಲೆ ಮೊದಲ ಸಲ ಅವರ ದನಿ ಸಡಿಲಾಗಿತ್ತು.

“ಯಾವ ರೈಲು ಅಣ್ಣೇ?”

ತಮ್ಮಯ್ಯ ಕಾಲು ತೆಗೆದು ಬಾಗಿಲು ಬಿಟ್ಟುಕೊಟ್ಟರು.

ಎಂಟು ಗಂಟೆಯ ಊಟಕ್ಕೆ ಅಡುಗೆಯವರು ಇಪ್ಪತ್ತಾರು ತಟ್ಟೆ ಜೋಡಿಸಿದ್ದರು, ಒಂದು ಉಳಿಯಿತು. ತಮ್ಮಯ್ಯ ಮೊದಲು ಅನಿಲ್‌ನ ಕಡೆ ತಿರುಗಿದರು. ಅವನು ರಸಂ ಅನ್ನ ಕಲಸುತ್ತಿದ್ದ. ಅಪ್ಪಾಜಿಯ ಹಾಸಿಗೆಯ ಮೇಲೆ ಅವರ ಚೀಲ, ಸೋಪು, ಮಡಚಿದ ಲುಂಗಿ ಎಲ್ಲವೂ ಇದ್ದವು. ಇಬ್ಬರು ಇಗರ್ಜಿಯ ತನಕ ಓಡಿಹೋಗಿ ಬಂದರು. ಅಲ್ಲಿ ಬೀಗ ಹಾಕಿತ್ತು, ಯಾರೂ ಇರಲಿಲ್ಲ. ಕೃಷ್ಣರಾಜ ಬ್ರೀಫ್‌ಕೇಸ್ ತೆರೆದು ಎಣಿಸಿದರು. ಪಾಸ್‌ಪೋರ್ಟು ಇಪ್ಪತ್ತೈದು.

ಬೆಳಿಗ್ಗೆ ಪೊಲೀಸರಿಗೆ ತಿಳಿಸುವ ಮೊದಲು ಕೃಷ್ಣರಾಜ ಎಲ್ಲರ ಸಾಮಾನು ನೋಡಿದರು. ಕೋಟಿನ ವಿಷಯವನ್ನು ತಮ್ಮಯ್ಯ ತಾವೇ ಹೇಳಿದರು. ಪುಸ್ತಕ ತೋರಿಸಲು ತೆರೆದಾಗ ವೇಳಾಪಟ್ಟಿ ಜಾರಿ ನೆಲಕ್ಕೆ ಬಿತ್ತು. ಕೃಷ್ಣರಾಜ ಅದನ್ನು ಎತ್ತಿಕೊಂಡು ಬಿಡಿಸಿ, ವೃತ್ತವನ್ನು ನೋಡಿದರು.

“ತಮ್ಮಯ್ಯನವರೇ” ಎಂದರು. ಅಣ್ಣ ಎನ್ನಲಿಲ್ಲ. “ಸ್ನೇಹಿತನಿಗೆ ಕೋಟು ನಿಮ್ಮದು. ರೈಲಿನ ಟೈಮೂ ನಿಮ್ಮ ಪುಸ್ತಕದಲ್ಲೇ ಇದೆ. ಟಿಕೆಟ್ಟೂ ನೀವೇ ತೆಗೆಸಿಕೊಟ್ರಾ?”

ತಮ್ಮಯ್ಯ ಬಾಯಿ ತೆರೆಯುವ ಮೊದಲೇ ಅನಿಲ್ ಹೇಳಿದ: “ಅದು ನನ್ನ ಜೇಬಲ್ಲಿದ್ದ ಪೇಪರ್, ಬಾವ. ಇವ್ರು ಎತ್ಕೊಂಡಿದಾರೆ. ಅಪ್ಪಾಜಿ ಮಾಮಾ ಕನ್ನಡಕ ತಂದಿಲ್ಲ, ಸಣ್ಣ ಅಕ್ಷರ ಕಾಣಲ್ಲ, ಸಂಜೆ ರೈಲು ಯಾವ್ದು ನೋಡು ಅಂದ್ರು. ರೌಂಡ್ ಹಾಕಿ, ಟೈಮು ಅವ್ರ ಬೀಡಿ ಕಟ್ಟಿನ ಮೇಲೆ ಬರ್ಕೊಟ್ಟೆ. ಮಿಲಾನ್ ನೋಡ್ಬೇಕು ಅಂದಿದ್ರು. ನಾನೇನು ಕಂಡೆ?”

“ನೀನು ಸುಮ್ನಿರು” ಎಂದರು ಕೃಷ್ಣರಾಜ.

ಮದರಾಸಿಗೆ ಕಳಿಸಿದ ಅವರ ವರದಿಯಲ್ಲಿ ಕೋಟು ಇತ್ತು, ತಮ್ಮಯ್ಯನ ಪುಸ್ತಕದಲ್ಲಿ ಸಿಕ್ಕ ವೇಳಾಪಟ್ಟಿ ಇತ್ತು, ಇಪ್ಪತ್ತೆರಡು ವರ್ಷದ ಸ್ನೇಹವೂ ಇತ್ತು. ಅನಿಲ್‌ನ ಹೆಸರು ಇರಲಿಲ್ಲ. ಹಾಡಿನ ಎರಡನೆಯ ಚರಣವನ್ನು ನಾಯಕ ಸ್ವೆಟರಿನಲ್ಲಿ ಮುಗಿಸಿದ. ಮೇ ಹದಿನಾಲ್ಕರಂದು ಮದರಾಸಿನ ವಿಮಾನ ನಿಲ್ದಾಣದಲ್ಲಿ ಅನಿಲ್‌ನ ಪಾಸ್‌ಪೋರ್ಟಿಗೆ ಮುದ್ರೆ ಬೀಳುವವರೆಗೆ ತಮ್ಮಯ್ಯ ಅವನ ಬೆನ್ನ ಹಿಂದೆಯೇ ನಿಂತಿದ್ದರು. ಯಾರಿಗೆ ಜಾಮೀನು ನಿಂತಿದ್ದರೋ ಅವನು ಮರಳಿ ಬಂದಿದ್ದ. ಆದರೂ ಕಾರ್ಡ್ ಹೋಗುವುದರಲ್ಲಿತ್ತು: ಓಡಿಹೋಗಲು ನೆರವಾದ ಆರೋಪದ ಮೇಲೆ ಸಂಘ ಮೇ ಮೂವತ್ತೊಂದಕ್ಕೆ ವಿಚಾರಣೆ ಇಟ್ಟಿತು.

“ಆ ಹುಡುಗನ್ನ ಕರ್ಕೊಂಡು ಬನ್ನಿ” ಎಂದರು ಸುಮತಿ.

“ಬರಲ್ಲ. ಅವ್ರ ಬಾವನ ವಿರುದ್ಧ ಯಾಕೆ ಬತ್ತಾನೆ?”

“ಬರಲ್ಲ ಅಂತ ಕೇಳಿದ್ರಾ, ನೀವೇ ಅಂದ್ಕೊಂಡ್ರಾ?”

ತಮ್ಮಯ್ಯ ಪುರಸೈವಾಕ್ಕಂಗೆ ಹೋದರು. ಅಂಗಡಿಯ ಎರಡನೆಯ ಮಹಡಿಯಲ್ಲಿ ಅನಿಲ್ ಒಬ್ಬ ಗಿರಾಕಿಯ ಮುಂದೆ ಎಂಟು ಅಂಗಿ ಬಿಚ್ಚಿ, ಗಿರಾಕಿ ಎದ್ದು ಹೋದ ಮೇಲೆ ಎಂಟನ್ನೂ ಮಡಚುತ್ತಿದ್ದ. ತಮ್ಮಯ್ಯನನ್ನು ನೋಡಿ ಕೈ ನಿಲ್ಲಿಸಲಿಲ್ಲ.

“ಬನ್ನಿ ಅಣ್ಣೇ. ಶೂ ಬಿಚ್ಚಿ ಕೊಡ್ಲಾ?”

ಪಕ್ಕದ ಕೌಂಟರಿನವನು ನಕ್ಕ. ಕತೆ ಅಂಗಡಿಗೆಲ್ಲ ಗೊತ್ತಿತ್ತು. ತಮ್ಮಯ್ಯ ನಿಂತುಕೊಂಡೇ ವಿಚಾರಣೆಯ ದಿನ, ಗಂಟೆ, ಜಾಗ ಹೇಳಿದರು.

“ಬಾವ ಬರ್ಬೇಡ ಅಂದಿದಾರೆ. ಅಕ್ಕನೂ.” ಅನಿಲ್ ಒಂದು ಅಂಗಿಯನ್ನು ತಟ್ಟಿ ಪಕ್ಕಕ್ಕಿಟ್ಟ. “ಒಂದು ಕೇಳ್ತೀನಿ. ಆವತ್ತು ಸಂಜೆ ಅಷ್ಟೊಂದು ಬಟ್ಟೆ ಕೊಟ್ರಲ್ಲ, ನಾನು ಓಡಿಹೋಗ್ತೀನಿ ಅಂತಾನೇ?”

“ಹೌದು.”

“ಈಗ?”

“ಈಗಲೂ ನೀನು ಬರ್ತೀಯ ಅಂತ ನಂಬಿಕೆ ಇಲ್ಲ” ಎಂದರು ತಮ್ಮಯ್ಯ. ಅನಿಲ್ ಮಡಚಿದ್ದನ್ನು ಸರಿಸಿ ಹೊಸ ಅಂಗಿ ಬಿಚ್ಚತೊಡಗಿದ. ಇನ್ನೊಬ್ಬ ಗಿರಾಕಿ ಬಂದಿದ್ದ.

ವಿಚಾರಣೆ ಹನ್ನೊಂದಕ್ಕೆ ಶುರುವಾಯಿತು. ಐದು ಜನ ಮೇಜಿನ ಆಚೆ, ತಮ್ಮಯ್ಯ ಈಚೆ, ಗೋಡೆಯ ಬಳಿ ಕೃಷ್ಣರಾಜ. ವರದಿ ಓದಿಯಾಯಿತು. ವೇಳಾಪಟ್ಟಿ ಕೈಯಿಂದ ಕೈಗೆ ಹೋಯಿತು. ಅದು ಸಹಾಯಕನ ಜೇಬಿನದು ಎಂದು ತಮ್ಮಯ್ಯ ಹೇಳಿದಾಗ, ಸಹಾಯಕ ಎಲ್ಲಿ ಎಂದು ಕೇಳಿದರು. ತಮ್ಮಯ್ಯ ಬಾಗಿಲ ಕಡೆ ನೋಡಲಿಲ್ಲ.

ಹನ್ನೊಂದು ನಲವತ್ತಕ್ಕೆ ಅನಿಲ್ ಅಂಗಡಿಯ ಸಮವಸ್ತ್ರದಲ್ಲೇ ಒಳಗೆ ಬಂದ. ಒಂದು ಗಂಟೆಯ ಪರ್ಮಿಷನ್ ಇದೆ ಎಂದು ಹೇಳಿ, ನಿಂತುಕೊಂಡೇ ತಮಿಳಿನಲ್ಲಿ ಮೂರು ನಿಮಿಷ ಮಾತಾಡಿದ. ವೃತ್ತ ಹಾಕಿದ್ದು ತಾನು, ಕೇಳಿದ್ದು ಅಪ್ಪಾಜಿ, ಏಳು ಹನ್ನೆರಡಕ್ಕೆ ಇವರು ಕಾವಲು ಕೂತಿದ್ದದ್ದು ತನಗೆ. ಕೊನೆಯ ಮಾತಿಗೆ ಮೇಜಿನ ಆಚೆಯ ಒಬ್ಬರು ನಕ್ಕರು. ಪುಸ್ತಕದ 6.40ರ ಸಾಲನ್ನು ಇನ್ನೊಬ್ಬರು ಎರಡು ಸಲ ಓದಿದರು. ಕದ್ದು ಕಳಿಸುವವನು ಗಂಟೆ ಹಾಕಿ ಬರೆದಿಡುತ್ತಾನೆಯೇ ಎಂದು ಅವರು ಉಳಿದವರನ್ನು ಕೇಳಿದರು.

ಕೊನೆಯಲ್ಲಿ ತಮ್ಮಯ್ಯ ಒಂದೇ ಪ್ರಶ್ನೆ ಎತ್ತಿದರು: ಇಪ್ಪತ್ತಾರನೆಯ ಪಾಸ್‌ಪೋರ್ಟು ಬ್ರೀಫ್‌ಕೇಸಿನಿಂದ ಹೇಗೆ ಹೊರಬಂತು? ಅದು ಕಾಸ್ಟ್ಯೂಮಿನ ವಿಷಯವಲ್ಲ ಎಂದರು ಅಧ್ಯಕ್ಷರು. ಕೃಷ್ಣರಾಜ ಗಡಿಯಾರ ನೋಡಿಕೊಂಡರು. ಅವರು ಆಮೇಲೂ ಎರಡು ಯೂನಿಟ್ಟುಗಳನ್ನು ಹೊರದೇಶಕ್ಕೆ ಕರೆದೊಯ್ದರು.

ನೆರವಿನ ಆರೋಪ ಬಿದ್ದುಹೋಯಿತು. ಕೋಟು ಕೊಟ್ಟದ್ದು ಉಳಿಯಿತು. ಅದಕ್ಕೆ ನಾಲ್ಕೂವರೆ ತಿಂಗಳು ಕಾರ್ಡ್ ಅಮಾನತು. ಆ ತಿಂಗಳುಗಳಲ್ಲಿ ಸುಮತಿ ರವಿಕೆ ಹೊಲಿದು ಮನೆ ನಡೆಸಿದರು, ತಮ್ಮಯ್ಯ ಕಾಜಾ ಹಾಕಿಕೊಟ್ಟರು. ಅಪ್ಪಾಜಿಯಿಂದ ಪತ್ರ ಬರಲಿಲ್ಲ. ಅವರ ಕೋಣೆಯನ್ನು ಮಾಲೀಕರು ಜುಲೈನಲ್ಲಿ ಬೇರೆಯವರಿಗೆ ಕೊಟ್ಟರು. ಅಷ್ಟು ವರ್ಷ ಎದುರಿಗೆ ಕೂತು ಉಂಡವರನ್ನು ಒಮ್ಮೆಯೂ ಜೇಬು ತಿರುವಿ ನೋಡಲಿಲ್ಲವಲ್ಲ ಎಂದು ತಮ್ಮಯ್ಯ ಹೆಂಡತಿಯ ಹತ್ತಿರ ಎರಡು ಮೂರು ಸಲ ಹೇಳಿದರು. ಸುಮತಿ ಕಾಜಾ ಹಾಕಲು ಮುಂದಿನ ರವಿಕೆ ಕೊಟ್ಟರು.

ಅಕ್ಟೋಬರ್ ಹದಿನೆಂಟು, ಸೋಮವಾರ, ಕಾರ್ಡ್ ಕೈಗೆ ಬಂತು. ಮಾರನೆಯ ದಿನ ರಾಯಪುರಂನಲ್ಲಿ ಒಂದು ಹೊಡೆದಾಟದ ದೃಶ್ಯವಿತ್ತು. ಇಪ್ಪತ್ತೆರಡು ಜೊತೆ ಪೊಲೀಸ್ ಸಮವಸ್ತ್ರದೊಂದಿಗೆ ತಮ್ಮಯ್ಯ ಬೆಳಿಗ್ಗೆ ಐದೂವರೆಗೆ ವ್ಯಾನ್ ಹತ್ತಿದರು, ಸಹಾಯಕನಿಲ್ಲದೆ.